ಕಟ್ಟೆಯ ಮಾತು, ಕಡತದ ಮಾತು

ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಲ್ಲರ ಬಾಯಲ್ಲಿರುವ ಎಂಎಸ್‌ಡಬ್ಲ್ಯೂ, ಎರಡು ವರ್ಷ, ನಾಲ್ಕು ಸೆಮಿಸ್ಟರುಗಳ ಓದು. ಪಠ್ಯಪುಸ್ತಕಗಳು ಈ ವೃತ್ತಿಗೆ ಆರು ವಿಧಾನಗಳನ್ನು ಹೇಳುತ್ತವೆ. ಒಬ್ಬರೊಡನೆ ಮಾಡುವುದು ವ್ಯಕ್ತಿಗತ ಕಾರ್ಯ, ಹತ್ತಾರು ಜನರೊಡನೆ ಮಾಡುವುದು ಗುಂಪುಕಾರ್ಯ, ಊರು ಕೇರಿಗಳೊಡನೆ ಮಾಡುವುದು ಸಮುದಾಯ ಸಂಘಟನೆ. ಇವು ನೇರ ವಿಧಾನಗಳು. ಸಮಾಜ ಕಲ್ಯಾಣ ಆಡಳಿತ, ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ ಇವಕ್ಕೆ ಪೂರಕ. ಇವುಗಳಲ್ಲಿ ಸಂಘಟನೆಯನ್ನೂ ಆಡಳಿತವನ್ನೂ ಜೊತೆಗೆ ಹಿಡಿದು ಓದುವವರ ಪಾಡು ಸ್ವಲ್ಪ ಬೇರೆ. ಒಂದು ಪತ್ರಿಕೆ ಜನರನ್ನು ಕಚೇರಿಯ ಬಾಗಿಲಿಗೆ ಕರೆತರುವುದನ್ನು ಕಲಿಸಿದರೆ, ಇನ್ನೊಂದು ಬಾಗಿಲ ಒಳಗೆ ಮೇಜಿನ ಹಿಂದೆ ಕೂತು ಕಚೇರಿ ನಡೆಸುವುದನ್ನು ಕಲಿಸುತ್ತದೆ. ಎರಡಕ್ಕೂ ಪರೀಕ್ಷೆ ಒಂದೇ ವಾರ.

ಈ ಎರಡು ಓದುಗಳ ಬೇರುಗಳೂ ಬೇರೆ ಬೇರೆ. 1869ರಲ್ಲಿ ಲಂಡನ್ನಿನಲ್ಲಿ ದಾನಧರ್ಮಗಳನ್ನು ಒಂದು ಶಿಸ್ತಿಗೆ ತರಲೆಂದು ದಾನ ಸಂಘಟನಾ ಸಂಘವೊಂದು ಹುಟ್ಟಿತು. ಒಬ್ಬನೇ ಬಡವ ನಾಲ್ಕು ಕಡೆ ಕೈಯೊಡ್ಡಬಾರದು, ನಿಜವಾಗಿ ಬೇಕಾದವನು ತಪ್ಪಿಹೋಗಲೂಬಾರದು ಎಂದು ಅದು ಮನೆಮನೆ ವಿಚಾರಣೆ ಮಾಡಿ ದಾಖಲೆ ಇಟ್ಟಿತು. ಅದೇ ಮಾದರಿಯ ನ್ಯೂಯಾರ್ಕಿನ ಸಂಘ 1898ರಲ್ಲಿ ನಡೆಸಿದ ಬೇಸಿಗೆ ತರಗತಿಯೇ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಗಿ ಬೆಳೆಯಿತು. ನೋಂದಣಿ, ವರದಿ, ಕಡತ, ಮೇಲ್ವಿಚಾರಣೆ ಇವೆಲ್ಲ ಈ ಕವಲಿನ ಬಳುವಳಿ. ಇನ್ನೊಂದು ಕವಲು ವಸತಿ ಕೇಂದ್ರಗಳದು. 1884ರಲ್ಲಿ ಲಂಡನ್ನಿನ ಬಡ ಬಡಾವಣೆಯಲ್ಲಿ ಟಾಯ್ನ್‌ಬಿ ಹಾಲ್ ಶುರುವಾಯಿತು. ಅದನ್ನು ನೋಡಿ ಬಂದ ಜೇನ್ ಆಡಮ್ಸ್ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ 1889ರಲ್ಲಿ ಶಿಕಾಗೊದಲ್ಲಿ ಹಲ್ ಹೌಸ್ ತೆರೆದರು. ಓದಿದವರು ಬಡವರ ಮನೆಗೆ ತನಿಖೆಗೆ ಹೋಗುವ ಬದಲು ಅವರ ಪಕ್ಕದಲ್ಲೇ ಬಿಡಾರ ಹೂಡಬೇಕು ಎಂಬುದು ಇಲ್ಲಿನ ನಿಲುವು. ಕಸ, ಚರಂಡಿ, ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳು ಎಲ್ಲವೂ ನೆರೆಹೊರೆಯ ಪ್ರಶ್ನೆಗಳಾದವು. ಸಂಘಟನೆಯ ಪಾಠ ಹುಟ್ಟಿದ್ದು ಇಲ್ಲಿ. 1931ರಲ್ಲಿ ಆಡಮ್ಸ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ದೊರೆಯಿತು.

ಭಾರತಕ್ಕೆ ಈ ವಿದ್ಯೆ ಬಂದದ್ದು ಎರಡನೆಯ ದಾರಿಯಿಂದ. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1926ರಲ್ಲಿ ಮುಂಬೈನ ನಾಗಪಾಡಾದಲ್ಲಿ, ಗಿರಣಿ ಕೆಲಸಗಾರರೂ ವಲಸೆ ಬಂದವರೂ ಒತ್ತೊತ್ತಾಗಿ ಬದುಕುತ್ತಿದ್ದ ಪ್ರದೇಶದಲ್ಲಿ, ನೆರೆಹೊರೆಯ ಮನೆಯೊಂದನ್ನು ಆರಂಭಿಸಿದ್ದರು. ಕೆಲಸ ಮಾಡುವವರಿಗೆ ಮನಸ್ಸಿದ್ದರೂ ತರಬೇತಿ ಇಲ್ಲ ಎಂಬ ಕೊರತೆ ಅವರನ್ನು ಕಾಡುತ್ತಿತ್ತು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ 1936ರಲ್ಲಿ ಅಲ್ಲಿಯೇ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. ಮ್ಯಾನ್ಶಾರ್ಟ್ ಅದರ ಮೊದಲ ನಿರ್ದೇಶಕರು. ಅವರ ನಂತರ ಹೊಣೆ ಹೊತ್ತವರು ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಅವರ ಸೋದರ ಜೆ.ಎಂ. ಕುಮಾರಪ್ಪ. 1944ರಲ್ಲಿ ಶಾಲೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಹೆಸರು ಬದಲಿಸಿಕೊಂಡಿತು. ದೆಹಲಿ, ಬರೋಡ, ಮದ್ರಾಸುಗಳಲ್ಲಿ ಶಾಲೆಗಳು ಒಂದರ ಹಿಂದೊಂದು ಬಂದವು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಧಾರವಾಡ, ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳು ಬೇರೂರಿದವು. ಇಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲೂ ಎಂಎಸ್‌ಡಬ್ಲ್ಯೂ ಫಲಕ ಕಾಣುವುದು ಅಪರೂಪವಲ್ಲ.

ಆದರೆ ನಾಗಪಾಡಾದ ಕೇರಿಯಿಂದ ಹೊರಟ ಓದು ಬೇಗನೇ ಕಾರ್ಖಾನೆಯ ಗೇಟಿನ ಕಡೆ ತಿರುಗಿತು. ಕಾರಣ ಒಂದು ಕಾನೂನು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು, 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕೆಂದು ಹೇಳಿತು. ಆ ಹುದ್ದೆಗೆ ಸಮಾಜಕಾರ್ಯ ಓದಿದವರು ತಕ್ಕವರೆನಿಸಿದರು. ಊರು ಕೇರಿಗಳ ಸಂಘಟಕರನ್ನು ಹೀಗೆ ಕಡ್ಡಾಯವಾಗಿ ನೇಮಿಸಬೇಕೆನ್ನುವ ಕಾನೂನು ಬರಲಿಲ್ಲ. ಹೀಗಾಗಿ ಕಾರ್ಮಿಕ ಕಲ್ಯಾಣದ ಪತ್ರಿಕೆಗಳು ಸಿಬ್ಬಂದಿ ನಿರ್ವಹಣೆಯಾಗಿ, ಆಮೇಲೆ ಮಾನವ ಸಂಪನ್ಮೂಲ ನಿರ್ವಹಣೆಯಾಗಿ ಬೆಳೆದವು. ಎರಡನೇ ವರ್ಷ ವಿಶೇಷ ವಿಷಯ ಆರಿಸಿಕೊಳ್ಳುವಾಗ ಎಚ್‌ಆರ್ ಕಡೆ ಸಾಲು ಉದ್ದ, ಸಮುದಾಯ ಅಭಿವೃದ್ಧಿಯ ಕಡೆ ಗಿಡ್ಡ ಎಂಬುದು ಅನೇಕ ಕಾಲೇಜುಗಳ ಮಾತು. ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಮೊದಲ ಸಂಬಳದ ಮೇಲೆ ಮನೆಯ ಸಾಲದ ಕಂತು ನಿಂತಿರುವವರೇ ಅವರಲ್ಲಿ ಹೆಚ್ಚು.

ಸಮುದಾಯ ಸಂಘಟನೆಗೆ ಶಾಸ್ತ್ರದ ಚೌಕಟ್ಟು ಬಂದದ್ದು ತಡವಾಗಿ. 1939ರಲ್ಲಿ ಅಮೆರಿಕದ ಸಮಾಜಕಾರ್ಯ ಸಮ್ಮೇಳನಕ್ಕೆ ರಾಬರ್ಟ್ ಲೇನ್ ಸಮಿತಿ ಕೊಟ್ಟ ವರದಿ, ಅದನ್ನು ವೃತ್ತಿಯ ಒಂದು ವಿಧಾನವೆಂದು ಒಪ್ಪುವುದಕ್ಕೆ ದಾರಿ ಮಾಡಿತು. ಕೆನಡಾದ ಮರ್ರೆ ರಾಸ್ 1955ರಲ್ಲಿ ಬರೆದ ಪುಸ್ತಕ ಭಾರತದ ತರಗತಿಗಳಲ್ಲಿ ಇಂದಿಗೂ ಓದಿನ ಪಟ್ಟಿಯಲ್ಲಿದೆ. ಸಮುದಾಯವು ತನ್ನ ಅಗತ್ಯಗಳನ್ನು ತಾನೇ ಗುರುತಿಸಿ, ಅವುಗಳಿಗೆ ಕ್ರಮ ಕೊಟ್ಟು, ದುಡಿಯುವ ವಿಶ್ವಾಸ ಬೆಳೆಸಿಕೊಳ್ಳುವ ಪ್ರಕ್ರಿಯೆಯೇ ಸಂಘಟನೆ ಎಂಬುದು ರಾಸ್ ಅವರ ನಿಲುವಿನ ತಿರುಳು. 1968ರಲ್ಲಿ ಜ್ಯಾಕ್ ರಾತ್‌ಮನ್ ಮೂರು ಮಾದರಿಗಳನ್ನು ಬಿಡಿಸಿಟ್ಟರು: ಸ್ಥಳೀಯ ಅಭಿವೃದ್ಧಿ, ಸಾಮಾಜಿಕ ಯೋಜನೆ, ಸಾಮಾಜಿಕ ಕ್ರಿಯೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರುವ ಈ ಪ್ರಶ್ನೆಗೆ ಉತ್ತರಗಳನ್ನು ಅಮೆರಿಕದ ಉದಾಹರಣೆಗಳಿಂದ ತುಂಬುವ ಅಗತ್ಯವಿಲ್ಲ. ಮೂರಕ್ಕೂ ಕರ್ನಾಟಕದ ನೆಲದಲ್ಲೇ ಗಟ್ಟಿ ನಿದರ್ಶನಗಳಿವೆ.

ಸ್ಥಳೀಯ ಅಭಿವೃದ್ಧಿಗೆ ಸ್ವಸಹಾಯ ಸಂಘಗಳು. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳಿಂದ ಬೇಸತ್ತ ಜನ, ಪರಸ್ಪರ ನಂಬಿಕೆಯಿದ್ದವರು ಮಾತ್ರ ಸೇರಿ ಸಣ್ಣ ಸಣ್ಣ ಗುಂಪು ಮಾಡಿಕೊಂಡರು. ವಾರವಾರ ಉಳಿತಾಯ, ಒಳಸಾಲ, ಲೆಕ್ಕದ ಪುಸ್ತಕ ಎಲ್ಲವೂ ಅವರದೇ. ಗುಂಪಿನ ಗಾತ್ರ 20 ದಾಟದಂತೆ ನೋಡಿಕೊಂಡದ್ದರ ಹಿಂದೆ ಆಪ್ತತೆಯ ಕಾರಣವಷ್ಟೇ ಅಲ್ಲ, ಅದಕ್ಕಿಂತ ದೊಡ್ಡ ಕೂಟವಾದರೆ ನೋಂದಣಿ ಕಡ್ಡಾಯವೆಂಬ ಕಾನೂನಿನ ಕಾರಣವೂ ಇತ್ತು. ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು. ಇಂದು ರಾಜ್ಯದ ಯಾವ ಹಳ್ಳಿಯಲ್ಲೂ 'ಸಂಘ' ಎಂದರೆ ಬೇರೆ ವಿವರಣೆ ಬೇಕಿಲ್ಲ.

ಸಾಮಾಜಿಕ ಯೋಜನೆಯ ಮಾದರಿಯಲ್ಲಿ ಪರಿಣತರೂ ಸರ್ಕಾರವೂ ಮುಂದಿರುತ್ತವೆ. 1952ರ ಅಕ್ಟೋಬರ್ 2ರಂದು 55 ಕಡೆ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆ ಇದಕ್ಕೆ ಹಳೆಯ ಉದಾಹರಣೆ. ಜೀಪು ಬಂತು, ಗ್ರಾಮಸೇವಕರು ಬಂದರು, ಗೊಬ್ಬರ ಬಂತು. ಜನ ಮಾತ್ರ ನೋಡುತ್ತಾ ನಿಂತರು. ಚುನಾಯಿತ ಸಂಸ್ಥೆಗಳಿಲ್ಲದೆ ಇದು ನಡೆಯದು ಎಂದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿತು. ಕರ್ನಾಟಕ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡದ್ದು 1983ರ ಕಾಯ್ದೆಯಲ್ಲಿ. ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಆ ಕಾಲದಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳು ರೂಪುಗೊಂಡು 1987ರಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿಗೆ ಇನ್ನೂ ಹಲವು ವರ್ಷ ಬಾಕಿಯಿತ್ತು. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದು ಜನ ಕರೆದ ಈ ಸಚಿವರನ್ನು ಸಮುದಾಯ ಸಂಘಟನೆಯ ಪಾಠದಲ್ಲಿ ಒಂದು ಅಧ್ಯಾಯವಾಗಿ ಇಟ್ಟರೂ ತಪ್ಪಿಲ್ಲ.

ಮೂರನೆಯದು ಕ್ರಿಯೆ, ಅಂದರೆ ಎದುರು ನಿಲ್ಲುವುದು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಮಾಡಿ, ನೀಲಗಿರಿ ಬೆಳೆಸಲೆಂದು ಸುಮಾರು 75,000 ಎಕರೆ ಗೋಮಾಳ ಹಾಗೂ ಸಿ ಅಂಡ್ ಡಿ ವರ್ಗದ ಸರ್ಕಾರಿ ಜಮೀನಿಗೆ ಕೈಹಾಕಿದವು. ಹಳ್ಳಿಗರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲ ಅದು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರೊಡನೆ ನಿಂತಿತು. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದದ್ದು 1986ರಲ್ಲಿ. 1987ರ ನವೆಂಬರ್ 14ರಂದು ಕುಸನೂರು ಎಂಬ ಹಳ್ಳಿಯಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕೀಳುವುದು, ಅದೇ ಕುಣಿಯಲ್ಲಿ ತಮಗೆ ಬೇಕಾದ ಗಿಡ ಹಚ್ಚುವುದು. ಬೇಡ ಎನ್ನುವುದನ್ನೂ ಬೇಕು ಎನ್ನುವುದನ್ನೂ ಎರಡೇ ಪದಗಳಲ್ಲಿ, ಅದೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಿಡಿದ ಆ ಹೆಸರೇ ಸಂಘಟನೆಯ ದೊಡ್ಡ ಪಾಠ. 1991ರ ಹೊತ್ತಿಗೆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಸಾಮಾಜಿಕ ಕ್ರಿಯೆಯ ಪಾಠದಲ್ಲಿ ಸಾಲ್ ಅಲಿನ್ಸ್ಕಿ ಹೆಸರು ಬಂದೇ ಬರುತ್ತದೆ. ಶಿಕಾಗೊದ ಕಸಾಯಿಖಾನೆಗಳ ಹಿಂದಿನ ಬಡಾವಣೆಯಲ್ಲಿ 1939ರಲ್ಲಿ ಚರ್ಚು, ಕಾರ್ಮಿಕ ಸಂಘ, ಅಂಗಡಿಕಾರರನ್ನು ಒಂದೇ ಕೂಟದಡಿ ತಂದವರು ಅವರು. ಸಮಾಜಕಾರ್ಯದ ಪದವಿ ಪಡೆದವರಲ್ಲ. ಸಮಾಜ ಕಾರ್ಯಕರ್ತರು ಬಡವರನ್ನು ಹೊಂದಿಕೊಳ್ಳಲು ಕಲಿಸುತ್ತಾರೆಯೇ ಹೊರತು ಗೆಲ್ಲಲು ಕಲಿಸುವುದಿಲ್ಲ ಎಂಬ ಧಾಟಿಯ ತಕರಾರು ಅವರದು. 1985ರಲ್ಲಿ ಅದೇ ನಗರಕ್ಕೆ ಸಂಘಟಕರಾಗಿ ಬಂದ ಬರಾಕ್ ಒಬಾಮ ಅವರಿಗೂ ಆ ಪದವಿ ಇರಲಿಲ್ಲ. ಕಾಲೇಜು ಕಲಿಸುವ ವಿದ್ಯೆಯ ಅತಿ ಪ್ರಸಿದ್ಧರು ಕಾಲೇಜಿನ ಹೊರಗಿನವರು ಎಂಬುದನ್ನು ಈ ವಿಷಯದ ಅಧ್ಯಾಪಕರು ನಗುತ್ತಲೇ ಒಪ್ಪಿಕೊಳ್ಳಬೇಕಾಗುತ್ತದೆ.

ತರಗತಿಯ ಪಾಠಕ್ಕಿಂತ ಈ ಪದವಿಯ ಜೀವ ಇರುವುದು ಫೀಲ್ಡ್ ವರ್ಕ್‌ನಲ್ಲಿ. ಕನ್ನಡದಲ್ಲಿ ಕ್ಷೇತ್ರಕಾರ್ಯ ಎಂಬ ಪದವಿದ್ದರೂ ವಿದ್ಯಾರ್ಥಿಗಳ ನಡುವೆ 'ಫೀಲ್ಡಿಗೆ ಹೋಗೋದು' ಎಂಬುದೇ ರೂಢಿ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ, ಸುಮಾರು 15 ಗಂಟೆ. ಇದರ ಜೊತೆಗೆ ಒಂದು ವಾರ ಹತ್ತು ದಿನಗಳ ಗ್ರಾಮೀಣ ಶಿಬಿರ, ಕೊನೆಗೆ ಒಂದು ತಿಂಗಳಷ್ಟು ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ. ವಿದ್ಯಾರ್ಥಿಗೆ ಇಬ್ಬರು ಮೇಲ್ವಿಚಾರಕರು: ವಿಭಾಗದ ಅಧ್ಯಾಪಕರೊಬ್ಬರು, ಸಂಸ್ಥೆಯವರೊಬ್ಬರು. ವಾರವಾರ ವರದಿ ಬರೆಯಬೇಕು. ಏನು ಮಾಡಿದೆ ಎಂಬುದಕ್ಕಿಂತ ಯಾರು ಏನಂದರು, ಆಗ ತನಗೇನನ್ನಿಸಿತು, ತಾನೆಲ್ಲಿ ಎಡವಿದೆ ಎಂಬುದಕ್ಕೇ ಅಲ್ಲಿ ಹೆಚ್ಚು ಬೆಲೆ.

ಒಂದು ಕಾಲೊನಿಗೆ ನೀರು ಬರುತ್ತಿಲ್ಲ ಎಂದಿಟ್ಟುಕೊಂಡರೆ ಕ್ಷೇತ್ರಕಾರ್ಯದ ಕ್ರಮ ತಿಳಿಯುತ್ತದೆ. ಹೊಸ ವಿದ್ಯಾರ್ಥಿಗೆ ಮೊದಲು ಹೊಳೆಯುವುದು ತಾನೇ ಚೆಂದದ ಮನವಿ ಬರೆದು ಪಂಚಾಯಿತಿಗೆ ಕೊಟ್ಟುಬರುವುದು. ಮೇಲ್ವಿಚಾರಕರು ಅದನ್ನು ತಡೆಯುತ್ತಾರೆ. ಮೊದಲ ಕೆಲವು ವಾರ ಬರೀ ಓಡಾಟ, ಮಾತು, ಕುಶಲ. ಅರಳಿಕಟ್ಟೆಯ ಮೇಲೆ ಸಂಜೆ ಸಿಗುವವರು ಗಂಡಸರು. ಅವರಿಗೆ ನೀರಿನ ಕಷ್ಟ ಕೇಳಿದ ಸುದ್ದಿ ಮಾತ್ರ. ನಲ್ಲಿಯ ಹತ್ತಿರ ಬೆಳಗಿನ ಐದು ಗಂಟೆಗೆ ಕೊಡ ಸಾಲಿಟ್ಟು ನಿಂತವರಿಗೆ ಅದು ನಿತ್ಯದ ಗೋಳು. ಹತ್ತು ಗಂಟೆಯ ಬಸ್ಸಿಗೆ ಇಳಿಯುವ ವಿದ್ಯಾರ್ಥಿ ಆ ಸಾಲನ್ನು ಎಂದೂ ನೋಡಿರುವುದಿಲ್ಲ. ಸಭೆ ಎಲ್ಲಿ ಸೇರಿಸುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಗುಡಿಯ ಮುಂದೆ ಸೇರಿಸಿದರೆ ಯಾವ ಕೇರಿಯವರು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ, ಅಂಗನವಾಡಿಯಲ್ಲಿ ಸೇರಿಸಿದರೆ ಯಾರು ಬರುವುದೇ ಇಲ್ಲ ಎಂಬುದು ತಿಳಿದಿರಬೇಕು. ಮೊದಲ ದಿನ ಯಾರ ಮನೆಯಲ್ಲಿ ನೀರು ಕುಡಿದರು, ಯಾರ ಮನೆಯಲ್ಲಿ ಬೇಡವೆಂದರು ಎಂಬುದನ್ನು ಊರು ಗಮನಿಸಿಯೇ ಇರುತ್ತದೆ. 'ಸಮುದಾಯ' ಎಂಬ ಒಂದೇ ಪದದಲ್ಲಿ ಪುಸ್ತಕ ಮುಗಿಸಿಬಿಡುವ ವಿಷಯ ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಒಡೆದುಕೊಂಡು ನಿಂತಿರುತ್ತದೆ. ಪಾಶ್ಚಾತ್ಯ ಪಠ್ಯಗಳನ್ನೇ ನಂಬಿದ ಓದು ಮುಗ್ಗರಿಸುವುದು ಈ ಜಾಗದಲ್ಲಿ.

ನಂತರ ನೆಲದ ಮೇಲೆ ನಕ್ಷೆ ಬಿಡಿಸುವ ಕೆಲಸ. ರಂಗೋಲಿ ಪುಡಿ, ಬೀಜ, ಕಲ್ಲು, ಇಟ್ಟಿಗೆ ಚೂರು ಹಿಡಿದು ಜನರೇ ತಮ್ಮ ಊರನ್ನು ಬರೆಯುವ ಈ ಸಹಭಾಗಿ ಪದ್ಧತಿಯನ್ನು ಭಾರತದಲ್ಲಿ ಮೊದಮೊದಲು ಬಳಕೆಗೆ ತಂದ ಸಂಸ್ಥೆಗಳಲ್ಲಿ ಮೈರಾಡವೂ ಒಂದು. ಕೊಳವೆ ಎಲ್ಲಿಂದ ಹೊರಟು ಎಲ್ಲಿ ನಿಂತಿದೆ, ಯಾವ ಮನೆ ಮೋಟಾರು ಹಾಕಿ ನೀರೆಳೆಯುತ್ತದೆ, ವಾಟರ್‌ಮನ್ ಯಾವ ಗೇಟ್‌ವಾಲ್ವನ್ನು ಯಾವಾಗ ತಿರುಗಿಸುತ್ತಾನೆ ಎಲ್ಲವೂ ಅರ್ಧ ಗಂಟೆಯಲ್ಲಿ ನೆಲದ ಮೇಲೆ ಮೂಡುತ್ತವೆ. ಪ್ರಶ್ನಾವಳಿ ಹಿಡಿದು ಒಂದು ತಿಂಗಳು ಸುತ್ತಿದರೂ ಇಷ್ಟು ಸಿಗುವುದು ಕಷ್ಟ. ಆಮೇಲೆ ಮನವಿ. ಅದನ್ನು ಕಾಲೊನಿಯವರೇ ಹೇಳಿ ಬರೆಸಬೇಕು, ಅವರೇ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಅವರೇ ಮಾತಾಡಬೇಕು. ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವುದನ್ನು ಕಲಿಸುವುದೂ ಸಂಘಟನೆಯೇ. ವಾರ್ಡ್ ಸಭೆಯಲ್ಲಿ ವಿಷಯ ಎತ್ತಿ, ಗ್ರಾಮಸಭೆಯ ನಡಾವಳಿಯಲ್ಲಿ ಅದು ಬರಹವಾಗಿ ಸೇರಿತೇ ಎಂದು ಕೇಳಿ ಓದಿಸಿಕೊಳ್ಳುವವರೆಗೂ ಕೆಲಸ ಮುಗಿದಂತಲ್ಲ. ವಿದ್ಯಾರ್ಥಿ ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತಿದ್ದರೆ ಒಳ್ಳೆಯ ಅಂಕ.

ಆಡಳಿತದ ಪತ್ರಿಕೆ ಶುರುವಾಗುವುದು ಇಲ್ಲಿಂದಲೇ, ಆದರೆ ಸಿಲಬಸ್ಸು ಹಾಗೆ ಹೇಳುವುದಿಲ್ಲ. ಅದು 1937ರಲ್ಲಿ ಲೂಥರ್ ಗುಲಿಕ್ ಹೊಸೆದ ಪೋಸ್ಡ್‌ಕಾರ್ಬ್ ಎಂಬ ಸಂಕ್ಷೇಪದಿಂದ ಆರಂಭಿಸುತ್ತದೆ. ಯೋಜನೆ, ವ್ಯವಸ್ಥೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಮುಂಗಡಪತ್ರ ಎಂದು ಏಳು ಕೆಲಸಗಳನ್ನು ಬಾಯಿಪಾಠ ಮಾಡಿದವರಿಗೆ ಸಂಘದ ಒಂದು ಸರ್ವಸದಸ್ಯರ ಸಭೆ ನಡೆಸಲು ಬರುತ್ತದೆಂದು ಹೇಳಲಾಗದು. ನಿಜವಾದ ಆಡಳಿತದ ಪಾಠ ಕಾನೂನಿನ ಕಾಗದಗಳಲ್ಲಿದೆ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ. ಬೈಲಾ ಬರೆಯಬೇಕು, ವರ್ಷಕ್ಕೊಮ್ಮೆ ಸಭೆ ಸೇರಬೇಕು, ಲೆಕ್ಕಪರಿಶೋಧನೆ ಮಾಡಿಸಿ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್ ಆದರೆ ದಾರಿ ಬೇರೆ, 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಯಾದರೆ ಇನ್ನೂ ಬೇರೆ. ಸಂಘದಲ್ಲಿ ಸದಸ್ಯರು ಆಡಳಿತ ಮಂಡಳಿಯನ್ನು ಬದಲಿಸಬಹುದು, ಟ್ರಸ್ಟಿನಲ್ಲಿ ಟ್ರಸ್ಟಿಗಳೇ ಎಲ್ಲ. ಈ ಒಂದು ವ್ಯತ್ಯಾಸ ಹತ್ತು ವರ್ಷದ ನಂತರ ಸಂಸ್ಥೆ ಜನರದೋ ಒಂದು ಮನೆಯವರದೋ ಎಂಬುದನ್ನು ನಿರ್ಧರಿಸುತ್ತದೆ.

ಹಣದ ನಿಯಮಗಳು ಸಂಘಟನೆಯ ಸ್ವರೂಪವನ್ನೇ ತಿದ್ದುತ್ತವೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವುದು ನಿಂತಿತು. ಎಲ್ಲ ಹಣವೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕಾಯಿತು. ದೊಡ್ಡ ಸಂಸ್ಥೆಯ ಆಸರೆಯಲ್ಲಿ ತಾಲ್ಲೂಕು ಮಟ್ಟದಲ್ಲಿ ನಡೆಯುತ್ತಿದ್ದ ಸಣ್ಣ ಸಂಘಟನೆಗಳಿಗೆ ಇದರ ಏಟು ಹೆಚ್ಚು. ಇನ್ನೊಂದು ಕಡೆ 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕೆಂದಿತು. ಸಿಎಸ್‌ಆರ್ ಎಂದು ಹೆಸರಾದ ಈ ಹಣದಿಂದ ಕಲ್ಯಾಣ ಆಡಳಿತ ಓದಿದವರಿಗೆ ಹೊಸ ಕೆಲಸಗಳೇನೋ ಹುಟ್ಟಿದವು. ಆದರೆ ಶಾಲೆಗೆ ಕೊಟ್ಟ ಬೆಂಚು, ಕಟ್ಟಿಸಿದ ಶೌಚಾಲಯ, ಹೂಳೆತ್ತಿದ ಕೆರೆ ಇವನ್ನು ಎಣಿಸಿ ವರದಿಯಲ್ಲಿ ಫೋಟೊ ಸಮೇತ ಹಾಕಬಹುದು. ಹತ್ತು ಜನ ಕೂಲಿ ಹೆಂಗಸರು ಮೊದಲ ಸಲ ತಹಸೀಲ್ದಾರರ ಮುಂದೆ ದನಿಯೆತ್ತಿದ್ದನ್ನು ಯಾವ ಕಾಲಂನಲ್ಲಿ ತುಂಬುವುದು? ಸಂಘಟಕರ ಸಂಬಳ ಯಾವ ತಲೆಬರಹಕ್ಕೆ ಸೇರುತ್ತದೆ? ಆಡಳಿತದ ಪಾಠವನ್ನು ಒಣ ವಿಷಯವೆಂದು ತಳ್ಳಿಹಾಕುವ ವಿದ್ಯಾರ್ಥಿಗಳು ಮುಂದೆ ಪ್ರತಿ ಮಾರ್ಚ್ ತಿಂಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ.

ಅಮೆರಿಕದಲ್ಲಿ ಈ ಓದಿಗೆ ಕಾವಲುಗಾರ ಸಂಸ್ಥೆಯಿದೆ. 1952ರಲ್ಲಿ ರಚನೆಯಾದ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನ್ಯತೆ ಬೇಕಾದರೆ ಸ್ನಾತಕೋತ್ತರ ವಿದ್ಯಾರ್ಥಿ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಮುಗಿಸಿರಬೇಕು. ಹಾಗೆಂದು ಅಲ್ಲಿ ಸಂಘಟನೆ ಮತ್ತು ಆಡಳಿತವೇ ಮುಂದಿದೆ ಎಂದಲ್ಲ. ವೃತ್ತಿ ಪರವಾನಗಿಯ ಪರೀಕ್ಷೆಗಳು ಮಾನಸಿಕ ಆರೋಗ್ಯ, ಆಪ್ತಸಮಾಲೋಚನೆಗಳ ಕಡೆ ವಾಲಿರುವುದರಿಂದ ಹೆಚ್ಚಿನವರು ಅತ್ತಲೇ ಹೋಗುತ್ತಾರೆ. ಇಲ್ಲಿ ಕಾರ್ಖಾನೆ ಕಾಯ್ದೆ ಮಾಡಿದ್ದನ್ನು ಅಲ್ಲಿ ಪರವಾನಗಿ ಮಾಡಿದೆ. ಭಾರತದಲ್ಲಿ ವಕೀಲರಿಗೆ, ವೈದ್ಯರಿಗೆ, ನರ್ಸುಗಳಿಗೆ ಇರುವಂತೆ ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ಶಾಸನಬದ್ಧ ಮಂಡಳಿ ಇಲ್ಲ. ಯುಜಿಸಿ 2001ರಲ್ಲಿ ಮಾದರಿ ಪಠ್ಯಕ್ರಮ ಕೊಟ್ಟಿತಾದರೂ ಅದನ್ನು ಪಾಲಿಸುವುದು ಆಯಾ ವಿಶ್ವವಿದ್ಯಾಲಯದ ಮರ್ಜಿ. ಮೇಲ್ವಿಚಾರಣೆ ಗಟ್ಟಿಯಿರುವ ವಿಭಾಗದ ವಿದ್ಯಾರ್ಥಿಗೂ, ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಮಧ್ಯಾಹ್ನದ ಬಸ್ಸು ಹಿಡಿಯುವ ವಿದ್ಯಾರ್ಥಿಗೂ ಸಿಗುವ ಪದವಿ ಒಂದೇ.

ಭಾಷೆಯ ತೊಡಕೂ ಇದೆ. ಫೀಲ್ಡಿನಲ್ಲಿ ಕನ್ನಡ, ತುಳು, ಉರ್ದು, ಲಂಬಾಣಿ ಕೇಳಿಸಿಕೊಂಡದ್ದನ್ನು ಬಹಳ ಕಡೆ ಇಂಗ್ಲಿಷಿನಲ್ಲಿ ವರದಿ ಮಾಡಬೇಕು. ಮಾತಿನ ಮೊನೆ ಅಲ್ಲೇ ಮೊಂಡಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯ ಅವರಂಥ ಕೆಲವರು ಸಮಾಜಕಾರ್ಯವನ್ನು ಕನ್ನಡದಲ್ಲೇ ಬರೆದು, ಈ ಶಾಸ್ತ್ರಕ್ಕೆ ಇಲ್ಲಿನ ಪದಗಳನ್ನು ಹುಡುಕಿಕೊಟ್ಟರು. ಆ ಸಾಲು ಇನ್ನೂ ಉದ್ದವಾಗಬೇಕಿದೆ.

ಸಮುದಾಯ ಸಂಘಟನೆಯ ಪಠ್ಯದಲ್ಲಿ ಕೊನೆಯ ಹಂತದ ಹೆಸರು ಹಿಂತೆಗೆತ. ಸಂಘಟಕರು ಊರು ಬಿಡುವ ಬಗೆಯನ್ನು ಅದು ವಿವರಿಸುತ್ತದೆ; ಸಾಮಾನ್ಯವಾಗಿ ಅರ್ಧ ಪುಟ. ಕಾಲೇಜಿನ ಲೆಕ್ಕದಲ್ಲಿ ಸೆಮಿಸ್ಟರ್ ಮುಗಿದ ದಿನವೇ ಹಿಂತೆಗೆತ. ಊರಿನ ಲೆಕ್ಕ ಬೇರೆ. ನಡಾವಳಿ ಪುಸ್ತಕ ಬರೆಯಲು ಕಲಿತವರು ಕಾಲೊನಿಯಲ್ಲಿ ಇಬ್ಬರಾದರೂ ಇರಬೇಕು, ಏಕೆಂದರೆ ಒಬ್ಬರೇ ಇದ್ದರೆ ಅವರೇ ಮುಂದಿನ ಯಜಮಾನರು. ಬ್ಯಾಂಕ್ ಖಾತೆಗೆ ಜಂಟಿ ಸಹಿ, ರಸೀದಿ ಪುಸ್ತಕದ ಅರ್ಧಚೀಟಿಗಳು, ಹಳೆಯ ಮನವಿಗಳ ಸ್ವೀಕೃತಿ ಪ್ರತಿಗಳು ಎಲ್ಲ ಒಂದು ಟ್ರಂಕಿನಲ್ಲಿ, ಆ ಟ್ರಂಕಿನ ಬೀಗದ ಕೈ ಇನ್ನೊಬ್ಬರ ಬಳಿ. ಒಳ್ಳೆಯ ಮೇಲ್ವಿಚಾರಕರು ವೈವಾದಲ್ಲಿ ರಾತ್‌ಮನ್‌ನ ಮೂರು ಮಾದರಿ ಕೇಳಿ ಮುಗಿಸಿದ ಮೇಲೆ, ಆ ಬೀಗದ ಕೈ ಈಗ ಯಾರ ಹತ್ತಿರ ಇದೆ ಎಂದೂ ಕೇಳುತ್ತಾರೆ.